ಎಡಗಡೆಯ ಕಚ್ಚು

ಅಂಗಡಿ
ಮಾರ್ಚ್ ೩

ಕೆದಕಪ್ಪಾ,

ಮೊದಲೇ ಹೇಳಿಬಿಡುತ್ತೇನೆ, ನಗಬಾರದು. ನಾನೊಂದು ಲ್ಯಾಪ್‌ಟಾಪ್ ಕೊಂಡಿದ್ದೇನೆ.

ನಕ್ಕಾಯಿತೇ? ಹಾಗಿದ್ದರೆ ಮುಂದೆ ಓದು. ಹೌದು, "ನನ್ನ ಕೈ ಗಟ್ಟಿ ಇರೋವರೆಗೂ ಮಿಷನ್ನು ಈ ಹೊಸಿಲು ದಾಟಲ್ಲ" ಎಂದು ನಿನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದವಳು ನಾನೇ. ಈಗ ಕಾಲ ಹಾಗೆ ಬಂದಿದೆ. ಪುರಸಭೆಯವರು ಹೊಸ ಕಟ್ಟಡಕ್ಕೆ ಹೋಗುತ್ತಿದ್ದಾರೆ, ಎಲ್ಲ ವಿಭಾಗಕ್ಕೂ ಹೊಸ ಸೀಲು ಬೇಕು. ಅಪ್ಪನ ಕಾಲದಿಂದ ಅವರ ಸೀಲು ಕೆತ್ತುತ್ತ ಬಂದದ್ದು ನಮ್ಮ ಅಂಗಡಿಯೇ ಆದ್ದರಿಂದ ನನ್ನನ್ನು ಕರೆಸಿದರು. ಆದರೆ ಕೆತ್ತಿದ್ದು ಬೇಡವಂತೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಅವರ ಮಿಷನ್ನೇ ರಬ್ಬರ್ ಕತ್ತರಿಸಿಕೊಳ್ಳುತ್ತದಂತೆ. ಸೇತುವೆಯ ಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ, ಸುತ್ತಲೂ ಅಕ್ಷರ. ಏಪ್ರಿಲ್ ಮುಗಿಯುವುದರೊಳಗೆ ಮಾದರಿ ಕೊಡಬೇಕು. ಅವರು ಒಪ್ಪಿದರೆ ಅಂಗಡಿ ಉಳಿಯುತ್ತದೆ. ಈಚೆಗೆ ಬೇರೆ ಗಿರಾಕಿಗಳು ಇತ್ತ ತಲೆ ಹಾಕುತ್ತಿಲ್ಲವಾದ್ದರಿಂದ, ಒಪ್ಪದಿದ್ದರೆ ಬಾಗಿಲು ಹಾಕುವುದೇ.

ಈಗ ಲ್ಯಾಪ್‌ಟಾಪಿನ ಕಥೆ ಕೇಳು. ಯಾರೋ ಬಳಸಿ ಬಿಟ್ಟದ್ದು. ಮೇಲಿನ ಹೆಸರು, ತಳದಲ್ಲಿದ್ದ ನಂಬರು ಎಲ್ಲ ಉಜ್ಜಿ ಹೋಗಿ ಯಾವ ಕಂಪನಿಯದೆಂದೂ ತಿಳಿಯದು. ಚಿತ್ರ ಬರೆಯುವ ಪ್ರೋಗ್ರಾಮ್ ತೆರೆದು ಕೊಕ್ಕರೆಯನ್ನು ಸ್ವಲ್ಪ ದೊಡ್ಡದು ಮಾಡಿದರೆ ಸಾಕು, ಗರ ಬಡಿದ ಹಾಗೆ ನಿಂತುಬಿಡುತ್ತದೆ. ಅದು ಎಚ್ಚರಾಗುವವರೆಗೆ ನಾನು ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತೇನೆ. ಕೂತರೆ ಕೂರಲಾಗುವುದಿಲ್ಲ, ನಿಂತರೆ ನಿಲ್ಲಲಾಗುವುದಿಲ್ಲ. ಪೇಟೆಯ ರಿಪೇರಿಯವನಿಗೆ ತೋರಿಸಿದರೆ ಅವನು ಮುಚ್ಚಳವನ್ನೂ ತೆರೆಯದೆ, ಇದನ್ನು ಬಿಸಾಕಿ ಹೊಸದು ತೆಗೆದುಕೊಳ್ಳಿ ಅಂದ. ಸಿಟ್ಟು ನೆತ್ತಿಗೇರಿತು. ವಾಪಸು ತಂದು ನಾನೇ ಬಿಚ್ಚಿದೆ. ಪಕ್ಕದ ಕನ್ನಡಕದಂಗಡಿಯ ಯಜಮಾನರು ಕನ್ನಡಕದ ಕಡ್ಡಿ ಬಿಗಿಯುವ ಸಣ್ಣ ಸ್ಕ್ರೂಡ್ರೈವರ್ ಕೊಟ್ಟರು.

ಒಳಗಿನ ಬ್ಯಾಟರಿ, ಫ್ಯಾನು, ಡಿಸ್ಕು ಎಲ್ಲ ಗುರುತು ಸಿಕ್ಕಿತು. ಚಿಕ್ಕವನಿದ್ದಾಗ ನೀನು ಬಿಚ್ಚಿ ಹರಡಿದ್ದನ್ನೆಲ್ಲ ಗುಡಿಸಿ ಎತ್ತಿಟ್ಟವಳು ನಾನಲ್ಲವೇ. ಆದರೆ ಬ್ಯಾಟರಿಯ ಪಕ್ಕದಲ್ಲಿ ಒಂದು ಸ್ಲಾಟ್ ಇದೆ. ಹೆಬ್ಬೆರಳಿನಗಲದ ತೆಳ್ಳಗಿನ ಬಾಯಿ, ಎದುರಿಗೆ ಸ್ವಲ್ಪ ದೂರದಲ್ಲಿ ಸ್ಕ್ರೂ ಕೂರುವ ಪುಟ್ಟ ಕಂಬ. ಅಲ್ಲಿ ಏನೋ ಕೂರಬೇಕು, ಆದರೆ ಏನೂ ಕೂತಿಲ್ಲ. ಯಜಮಾನರು ಬಗ್ಗಿ ನೋಡಿ, ಗಾಳಿಯಾಡಲಿ ಎಂದು ಬಿಟ್ಟಿರುತ್ತಾರೆ ಅಂದರು. ಅವರ ಮಾತು ಕೇಳಿ ಕೂತರೆ ನನಗೇ ಗಾಳಿಯಾಡುತ್ತದೆ. ಅದು ಯಾತರ ಸ್ಲಾಟು? ಅದರಲ್ಲಿ ಏನಾದರೂ ಕೂರಿಸಿದರೆ ಈ ಮುದಿ ಕತ್ತೆ ಓಡುತ್ತದೆಯೇ?

ನಿನ್ನ ದ್ವೀಪದ ಹವಾಮಾನ ಕೇಂದ್ರದ ವೈರ್‌ಲೆಸ್ಸಿನಲ್ಲಿ ಗಾಳಿಮಳೆಯ ಲೆಕ್ಕ ಬಿಟ್ಟು ಮನೆಮಾತು ಆಡುವಂತಿಲ್ಲವಾದ್ದರಿಂದ ಕಾಗದ ಬರೆಯುತ್ತಿದ್ದೇನೆ. ದೋಣಿ ಬಂದ ದಿನವೇ ಉತ್ತರ ಹಾಕು. ಅಕ್ಷರ ದೊಡ್ಡದಾಯಿತು ಎಂದು ಆಡಿಕೊಳ್ಳಬೇಡ, ಪೆನ್ನು ಹೊಸದು, ಮೊನೆ ದಪ್ಪ.

ಅಕ್ಕ


ಹವಾಮಾನ ಕೇಂದ್ರ
ಮಾರ್ಚ್ ೧೪

ಅಕ್ಕಾ,

ನಕ್ಕೆ. ಎಷ್ಟು ಜೋರಾಗಿ ಎಂದರೆ ನಮ್ಮ ಕೇಂದ್ರದ ಮುಖ್ಯಸ್ಥರು, ನಾವೆಲ್ಲ ದೊಡ್ಡವರು ಎಂದು ಕರೆಯುವವರು, ಏನಾಯಿತೋ ಎಂದು ಮೇಲಿನಿಂದ ಇಳಿದು ಬಂದರು. ಹೇಳಿದೆ. ಅವರಿಗೆ ನಗು ಬರಲಿಲ್ಲ. ನಿನ್ನನ್ನು ನೋಡಿದ್ದರೆ ಬರುತ್ತಿತ್ತು.

ಸೋತೆ ಎಂದು ನಾನು ಹೇಳುವುದಿಲ್ಲ, ನೀನೂ ಹೇಳಬೇಡ. ಗೆದ್ದದ್ದು ಯಾರು ಎಂದು ಮಾತ್ರ ಅಂಗಡಿಯ ಗೋಡೆಯ ಮೇಲೆ ಬರೆದಿಡು. ಕೆತ್ತಿಯೇ ಇಟ್ಟರೆ ಇನ್ನೂ ಒಳ್ಳೆಯದು.

ಈಗ ಸ್ಲಾಟಿನ ವಿಷಯ. ಅದು ಖಂಡಿತ ಗಾಳಿಗೆ ಬಿಟ್ಟ ಜಾಗವಲ್ಲ. ತೊಂದರೆ ಏನೆಂದರೆ ಒಂದೇ ಥರ ಕಾಣುವ ಬಾಯಿಯಲ್ಲಿ ಬೇರೆ ಬೇರೆ ಕಾರ್ಡು ಕೂರುತ್ತವೆ. ಮೊಬೈಲ್ ಸಿಮ್ಮಿನಿಂದ ನೆಟ್ ಹಿಡಿಯುವ ಕಾರ್ಡು ಇರಬಹುದು, ಸ್ಟೋರೇಜ್ ಕಾರ್ಡು ಇರಬಹುದು. ಸ್ಟೋರೇಜ್ ಆದರೆ ನಿನ್ನ ಅದೃಷ್ಟ ಖುಲಾಯಿಸಿತು. ನಿನ್ನ ಯಂತ್ರ ನಿಲ್ಲುವುದು ಹಳೆಯ ಡಿಸ್ಕು ತಿರುಗಿ ತಿರುಗಿ ಸುಸ್ತಾಗಿರುವುದರಿಂದ. ಹೊಸ ಕಾರ್ಡು ಕೂತರೆ ಕೊಕ್ಕರೆ ಹಾರುತ್ತದೆ.

ಗುರುತು ಹಿಡಿಯುವುದು ಹೇಗೆಂದರೆ, ಆ ಬಾಯಿಯೊಳಗೆ ಒಂದು ಕಡೆಗೆ ಸಣ್ಣ ಅಡ್ಡಗೋಡೆ ಇರುತ್ತದೆ. ಕಾರ್ಡಿನ ಅಂಚಿನಲ್ಲಿ ಅದಕ್ಕೆ ಸರಿಯಾಗಿ ಕಚ್ಚು ಕೊಯ್ದಿರುತ್ತಾರೆ, ತಪ್ಪು ಕಾರ್ಡು ಒಳಗೆ ಹೋಗಬಾರದೆಂದು. ಸ್ಕ್ರೂ ಕಂಬದ ಕಡೆಯಿಂದ ಬಾಯಿಯನ್ನು ನೋಡು. ಗೋಡೆ ಎಡಕ್ಕಿದ್ದರೆ ಒಂದು ಜಾತಿ, ಬಲಕ್ಕಿದ್ದರೆ ಇನ್ನೊಂದು. ಗೋಡೆಯಾಚೆ ಉಳಿದ ತಂತಿಗಳು ಐದೋ ಆರೋ ಎಂದೂ ಎಣಿಸಿ ಬರೆ. ನಿನ್ನ ಕಣ್ಣಿಗೆ ಇದು ಯಾವ ಲೆಕ್ಕ? ಉಗುರಿನಷ್ಟಗಲದ ಸೀಲಿನಲ್ಲಿ ಜಿಂಕೆಯ ಕಿವಿಯೊಳಗಿನ ರೋಮ ಕೆತ್ತಿದವಳು.

ಅಂದಹಾಗೆ, ಹಿಂದಿನ ಮೂರು ಕಾಗದದಲ್ಲೂ ಕನ್ನಡಕದ ಯಜಮಾನರು ಬಂದಿದ್ದಾರೆ. ಒಮ್ಮೆ ಅವರ ಅಂಗಡಿಯಲ್ಲಿ ಕೂತೆ ಅಂದೆ, ಒಮ್ಮೆ ಅವರ ಜೊತೆ ಪೇಟೆಗೆ ಹೋದೆ ಅಂದೆ, ಈಗ ಸ್ಕ್ರೂಡ್ರೈವರ್. ನಾನೇನು ಕುರುಡನೇ? ಹೆಂಡತಿ ತೀರಿಕೊಂಡು ವರ್ಷಗಳಾದ ಮನುಷ್ಯ, ಒಳ್ಳೆಯವರು. ಮದುವೆಯ ಊಟ ಯಾವಾಗ ಎಂದು ಮುಂಚೆಯೇ ತಿಳಿಸು, ದೋಣಿಯಲ್ಲಿ ಜಾಗ ಹಿಡಿಯಬೇಕು.

ಇಲ್ಲಿ ಎಲ್ಲ ಚೆನ್ನಾಗಿದೆ. ಗಾಳಿ ಮಾತ್ರ ಸುಮ್ಮನಿರುವುದಿಲ್ಲ, ಕಿಟಕಿಗಳು ದಿನವಿಡೀ ಗಲಗಲ ಅನ್ನುತ್ತವೆ.

ನಿನ್ನ ತಮ್ಮ


ಅಂಗಡಿ
ಮಾರ್ಚ್ ೨೩

ಕೆದಕಪ್ಪಾ,

ನಿನ್ನ ಅಕ್ಷರ ಏನು ಅಷ್ಟು ಸಣ್ಣ? ಇರುವೆ ನಡೆದ ಹಾಗಿದೆ. ದ್ವೀಪದಲ್ಲಿ ಕಾಗದಕ್ಕೆ ಬರವೇ?

ಯಜಮಾನರ ವಿಷಯಕ್ಕೆ ಬರಬೇಡ. ಬಾಯಿ ಹೊಲಿದುಕೊಂಡಿರು.

ತಂತಿ ಎಣಿಸುವುದೆಲ್ಲ ನನ್ನಿಂದಾಗದು, ಪುರುಸೊತ್ತಿಲ್ಲ. ಯಜಮಾನರು ಎಣಿಸಿದರು. ಮೂರು ಸಲ ಎಣಿಸಿದರೆ ಮೂರು ಲೆಕ್ಕ ಬಂತು, ಗೋಡೆ ಯಾವ ಕಡೆ ಎಂದು ಕೇಳಿದರೆ ಯಾವ ಗೋಡೆ ಅಂದರು. ಆದ್ದರಿಂದ ನಾನು ನನಗೆ ಗೊತ್ತಿರುವ ಕೆಲಸ ಮಾಡಿದೆ. ಅಚ್ಚು ತೆಗೆಯುವುದಕ್ಕೆ ನಾವು ಬಳಸುವ ಮೆತ್ತನೆಯ ರಬ್ಬರ್ ಹಿಟ್ಟು ಇದೆಯಲ್ಲ, ಅಂಟುವುದಿಲ್ಲ, ಉದುರುವುದಿಲ್ಲ, ಅದನ್ನು ಸ್ಲಾಟಿನ ಬಾಯಿಗೆ ಒತ್ತಿ ಹಿಡಿದು, ಗಟ್ಟಿಯಾದ ಮೇಲೆ ಎಳೆದೆ. ಚೊಕ್ಕಟವಾಗಿ ಬಂತು. ಗೋಡೆ ಇರುವ ಕಡೆ ಕಚ್ಚು ಬಿದ್ದಿದೆ, ಬೆರಳಾಡಿಸಿದರೆ ತಿಳಿಯುತ್ತದೆ. ಯಾವುದು ಮೇಲ್ಭಾಗ ಎಂದು ತಿಳಿಯಲಿ ಎಂದು ಕೆಂಪು ದಾರ ಅಂಟಿಸಿದ್ದೇನೆ. ಬೆಂಕಿಪೊಟ್ಟಣದಲ್ಲಿಟ್ಟು ಕಳಿಸಿದ್ದೇನೆ, ಜೋಪಾನ. ಬಾಯಲ್ಲಿ ಹೇಳಿದ್ದು ತಪ್ಪಬಹುದು, ಅಚ್ಚು ತಪ್ಪುವುದಿಲ್ಲ.

ಪುರಸಭೆಯ ಗುಮಾಸ್ತರು ನಿನ್ನೆ ಅಂಗಡಿಯ ಮುಂದೆ ಹೋಗುತ್ತ, ಕೊಕ್ಕರೆ ಎಲ್ಲಿಗೆ ಬಂತು ಎಂದು ಕೇಳಿದರು. ಹಾರುತ್ತಿದೆ ಅಂದೆ. ಅವರು ನಕ್ಕು ಹೋದರು. ಕೆತ್ತುವ ಮೇಜಿನ ಮುಂದೆ ಕೂರುತ್ತೇನೆ, ಏಳುತ್ತೇನೆ, ಉಳಿಗಳನ್ನು ಸಾಣೆ ಹಿಡಿಯುತ್ತೇನೆ. ಹಿಡಿದದ್ದನ್ನೇ ಮತ್ತೆ ಹಿಡಿಯುತ್ತೇನೆ. ಬೇಗ ಉತ್ತರ ಹಾಕು, ಹರಟೆ ಬೇಡ.

ಅಕ್ಕ


ಹವಾಮಾನ ಕೇಂದ್ರ
ಏಪ್ರಿಲ್ ೪

ಅಕ್ಕಾ,

ಸ್ಲಾಟಿನೊಳಗೆ ರಬ್ಬರ್ ಒತ್ತಿದೆಯಾ? ಅದರೊಳಗಿನ ತಂತಿಗಳು ಕೂದಲಿನಷ್ಟು ತೆಳ್ಳಗಿರುತ್ತವೆ ಮಾರಾಯ್ತಿ. ಆದರೆ ಅಚ್ಚು ನೋಡಿದ ಮೇಲೆ ಬೈಯಲು ಬಾಯಿ ಬರಲಿಲ್ಲ. ಒಂದು ಚೂರೂ ಕಿತ್ತು ಬಂದಿಲ್ಲ. ದೊಡ್ಡವರಿಗೆ ತೋರಿಸಿದೆ. "ಇವರನ್ನ ಇಲ್ಲಿಗೆ ಕರೆಸ್ಕೊಳ್ಳೋಣ, ನೀನು ಅಂಗಡಿ ನೋಡ್ಕೊ" ಅಂದರು.

ದಾರ ಮೇಲೆ ಮಾಡಿ ಹಿಡಿದು ನೋಡಿದೆ. ಕಚ್ಚು ಎಡಗಡೆ. ಅಂದರೆ ಅದು ಮೊಬೈಲ್ ನೆಟ್ ಕಾರ್ಡಿಗೆಂದು ಮಾಡಿದ ಜಾಗ. ಮುಖ ಸಪ್ಪೆ ಮಾಡಿಕೊಳ್ಳಬೇಡ, ಅದೇ ಎಡಗಡೆಯ ಕಚ್ಚಿರುವ ಗಿಡ್ಡ ಸ್ಟೋರೇಜ್ ಕಾರ್ಡೂ ಇದೆ. ಇಲ್ಲಿ ಕಳಚಿಟ್ಟ ಹಳೆಯ ಉಪಕರಣವೊಂದರಲ್ಲಿ ಅಂಥದ್ದು ಸಿಕ್ಕಿತು. ದೊಡ್ಡವರನ್ನು ಕೇಳಿಯೇ ತೆಗೆದೆ. ಒಳಗೆ ಬೇಕಾದದ್ದೆಲ್ಲ ತುಂಬಿದ್ದೇನೆ, ಚಿತ್ರ ಬರೆಯುವ ಪ್ರೋಗ್ರಾಮ್ ಕೂಡ. ಮೊದಲು ಬ್ಯಾಟರಿಯ ವೈರು ಬಿಡಿಸು. ಕಾರ್ಡನ್ನು ಸ್ವಲ್ಪ ಓರೆಯಾಗಿ ಬಾಯಿಗೆ ಕೊಡು, ಹೋದ ಮೇಲೆ ಮೆಲ್ಲಗೆ ಒತ್ತಿ ಮಲಗಿಸು, ಸ್ಕ್ರೂ ಬಿಗಿ ಮಾಡು. ಹಳೆಯ ಡಿಸ್ಕನ್ನು ಕಿತ್ತುಬಿಡು, ಆಗ ಅದು ಹೊಸದರಿಂದಲೇ ಎಚ್ಚರಾಗುತ್ತದೆ. ಯಾವ ಕಾರಣಕ್ಕೂ ಬಲ ಹಾಕಬೇಡ. ಕೂರುವುದಾದರೆ ತಾನಾಗಿ ಕೂರುತ್ತದೆ.

ನನ್ನ ಅಕ್ಷರಕ್ಕೆ ಬೈದೆ. ನಿನ್ನದು ನೋಡಿಕೊಂಡೆಯಾ? ಒಂದು ಹಾಳೆಗೆ ಎಂಟು ಸಾಲು, ಅದರಲ್ಲೂ ಎರಡು ಸಾಲು ಒಂದರ ಮೇಲೊಂದು ಹತ್ತಿ ಕೂತಿವೆ. ಬರೆಯುವಾಗ ಮನಸ್ಸು ಪಕ್ಕದಂಗಡಿಯಲ್ಲಿತ್ತೋ ಏನೋ.

ಇನ್ನೊಂದು ವಿಷಯ. ನನ್ನ ಇಲ್ಲಿನ ಅವಧಿ ಮೇ ತಿಂಗಳಿಗೆ ಮುಗಿಯುತ್ತದೆ. ಉಪಕರಣಗಳನ್ನೆಲ್ಲ ನೋಡಿಕೊಳ್ಳುವ ಜಾಗಕ್ಕೆ ನನ್ನನ್ನು ಹಾಕುತ್ತಾರಂತೆ, ಆದರೆ ಇನ್ನೆರಡು ವರ್ಷ ಇರುತ್ತೇನೆಂದು ಸಹಿ ಹಾಕಬೇಕು. ದೊಡ್ಡವರು ದಿನಾ ಕೇಳುತ್ತಿದ್ದಾರೆ. ನೋಡೋಣ, ಅವಸರವೇನಿಲ್ಲ.

ನಿನ್ನ ತಮ್ಮ


ಅಂಗಡಿ
ಏಪ್ರಿಲ್ ೧೪

ಏನಪ್ಪಾ ಪಂಡಿತಾ,

ನಿನ್ನ ಕಾರ್ಡು ಹೋಗುವುದಿಲ್ಲ.

ಓರೆಯಾಗಿ ಕೊಟ್ಟೆ, ನೇರವಾಗಿ ಕೊಟ್ಟೆ, ಬೇಡಿಕೊಂಡೆ. ಬಾಯಿಯೇ ಬಿಡುವುದಿಲ್ಲ. ತಲೆಕೆಳಗು ಮಾಡಿ ಹಿಡಿದರೆ ಕೂತೇಬಿಟ್ಟಿತು ಅನ್ನುವ ಹಾಗೆ ಆಗುತ್ತದೆ, ಆದರೆ ಕೂರುವುದಿಲ್ಲ, ಒಂದು ಎಳೆಯಷ್ಟು ಅಡ್ಡ ಬರುತ್ತದೆ. ನೀನು ಹೇಳಿದ ಹಾಗೆ ಬಲ ಹಾಕಲಿಲ್ಲ. ಹಾಕಬೇಕು ಅನ್ನಿಸಿತ್ತು, ಸುತ್ತಿಗೆಯಲ್ಲಿ.

ಈ ಗಡಿಬಿಡಿಯಲ್ಲಿ ಸ್ಕ್ರೂ ಕೈ ಜಾರಿತು. ನೆಲವನ್ನೆಲ್ಲ ಅಂಗೈಯಲ್ಲಿ ಸವರಿ ಸವರಿ ಹುಡುಕಿದೆ, ಬೆಳಗ್ಗೆ ಶುರುಮಾಡಿದ್ದು ಮಧ್ಯಾಹ್ನಕ್ಕೆ ಸಿಕ್ಕಿತು. ಮಂಡಿ ಎರಡೂ ಹಿಡಿದುಕೊಂಡಿವೆ.

ಅಚ್ಚು ಕಳಿಸಿದ್ದೆ. ಅದಕ್ಕಿಂತ ಸ್ಪಷ್ಟವಾಗಿ ಏನು ಕಳಿಸಬೇಕಿತ್ತು? ಎಡ ಯಾವುದು ಬಲ ಯಾವುದು ಎಂದು ತಿಳಿಯದವನ ಕೈಗೆ ಸಮುದ್ರದ ಗಾಳಿಯ ದಿಕ್ಕು ಬರೆಯಲು ಕೊಟ್ಟಿದ್ದಾರೆ. ಮೀನು ಹಿಡಿಯುವವರು ಏನಾಗಬೇಕು?

ಮಾದರಿ ಕೊಡಲು ಎರಡು ವಾರವಷ್ಟೇ ಉಳಿದಿದೆ. ಸಾಕು, ಬಿಡು. ಇದನ್ನು ಮುಚ್ಚಿ ಹಾಕಿ, ಅಂಗಡಿಯನ್ನೂ ಮುಚ್ಚಿ ಹಾಯಾಗಿರುತ್ತೇನೆ. ಇದರ ಗೋಜಿಗೆ ನೀನು ಬರಬೇಡ.

ಸಹಿಯ ವಿಷಯ ಬರೆದೆಯಲ್ಲ. ನೋಡೋಣ ಎಂದರೇನು? ಹಾಕು. ಇವತ್ತೇ ಹಾಕು. ನಾನು ಮೆಟ್ಟಿಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡಾಗ ನೀನು ಪರೀಕ್ಷೆ ಬಿಟ್ಟು ಓಡಿ ಬಂದೆ. ಆ ಕೋರ್ಸು ಹಾಗೇ ನಿಂತಿತು, ಈ ಕೆಲಸ ಸಿಗುವಷ್ಟರಲ್ಲಿ ನಿನ್ನ ತಲೆ ನರೆಯಿತು. ಇನ್ನೊಮ್ಮೆ ಹಾಗೆ ಮಾಡಿದರೆ ನಾನು ಸುಮ್ಮನಿರುವುದಿಲ್ಲ.

ಅಕ್ಕ


ಹವಾಮಾನ ಕೇಂದ್ರ
ಏಪ್ರಿಲ್ ೨೦

ಅಕ್ಕಾ,

ತಪ್ಪು ನನ್ನದು, ನಿನ್ನ ಅಚ್ಚಿನದಲ್ಲ.

ತಲೆಕೆಳಗು ಮಾಡಿದರೆ ಕೂತ ಹಾಗಾಗುತ್ತದೆ ಎಂದೆಯಲ್ಲ, ಅದನ್ನು ಓದಿದ ಕೂಡಲೇ ತಿಳಿಯಿತು. ಅಚ್ಚನ್ನು ಮುಖಾಮುಖಿ ಹಿಡಿದು, ಸ್ಲಾಟಿನ ಚಿತ್ರವೇನೋ ಎಂಬಂತೆ ನೋಡಿದ್ದೆ. ಅಚ್ಚಿನಲ್ಲಿ ಎಡ ಬಲಕ್ಕೆ ಹೋಗುತ್ತದೆ, ಬಲ ಎಡಕ್ಕೆ. ಸೀಲು ಕೆತ್ತುವ ಮನೆಯಲ್ಲಿ ಹುಟ್ಟಿ, ಉಲ್ಟಾ ಅಕ್ಷರ ನೋಡಿಕೊಂಡೇ ಬೆಳೆದು, ನಾನು ಮಾಡಿದ ಕೆಲಸ ಇದು. ಅಪ್ಪ ಇದ್ದಿದ್ದರೆ ಕಿವಿ ಹಿಂಡುತ್ತಿದ್ದರು. ನಿನ್ನ ಸ್ಲಾಟಿನ ಗೋಡೆ ಇರುವುದು ಬಲಗಡೆ. ಅದು ಸ್ಟೋರೇಜ್ ಕಾರ್ಡಿಗೆಂದೇ ಮಾಡಿದ ಜಾಗ, ಬೇರೆ ಯಾವುದಕ್ಕೂ ಅಲ್ಲ.

ಸರಿಯಾದ ಕಾರ್ಡು ಇದರ ಜೊತೆಗಿದೆ. ನನ್ನ ಸ್ವಂತ ಲ್ಯಾಪ್‌ಟಾಪಿನಿಂದ ಕಿತ್ತು ಕೊಟ್ಟಿದ್ದೇನೆ, ಇಲ್ಲಿ ನನಗೆ ಅದರ ಕೆಲಸವಿಲ್ಲ. ಎಲ್ಲ ತುಂಬಿಸಿ ಸಿದ್ಧ ಮಾಡಿದ್ದೇನೆ. ಸ್ಕ್ರೂ ಬಿದ್ದರೆ ಹುಡುಕಬೇಡ, ಇನ್ನೂ ನಾಲ್ಕು ಸ್ಕ್ರೂ ಹಾಕಿದ್ದೇನೆ.

ಒಂದು ಮಾತು ಕೇಳಬೇಕೆಂದಿದ್ದೆ. ಇರಲಿ.

ಅಕ್ಷರ ದೊಡ್ಡದಾಗಿದೆ ಎಂದು ಬೈಯಬೇಡ. ಸಣ್ಣ ಪೆನ್ನು ಮುಗಿದು ಹೋಯಿತು, ಪೆಟ್ಟಿಗೆಗಳ ಮೇಲೆ ಬರೆಯುವ ದಪ್ಪ ಪೆನ್ನೇ ಸಿಕ್ಕಿದ್ದು.

ನಿನ್ನ ತಮ್ಮ


ಅಂಗಡಿ
ಏಪ್ರಿಲ್ ೨೯

ಪುಟ್ಟಾ,

ಕಾರ್ಡು ಕೂತಿತು. ಬೆಣ್ಣೆಗೆ ಚಾಕು ಹೋದ ಹಾಗೆ ಹೋಯಿತು. ಆನ್ ಮಾಡಿದೆ.

ಪರದೆ ತುಂಬ ಅಕ್ಷರ. ಒಂದೊಂದೂ ನನ್ನ ಅಂಗೈಯಷ್ಟು. ಕಪ್ಪು ಹಿನ್ನೆಲೆಯ ಮೇಲೆ ಹಳದಿ. ಬಾಣದ ಗುರುತು ಹೆಬ್ಬೆರಳಿನಷ್ಟು. ಮುಚ್ಚಿಟ್ಟುಕೊಂಡದ್ದೆಲ್ಲ ಬಯಲಾಯಿತು ಅನ್ನಿಸಿತು. ಸಿಟ್ಟೂ ಬಂತು, ಅಳುವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ.

ಯಾವಾಗ ತಿಳಿಯಿತು ನಿನಗೆ? ಸ್ಕ್ರೂ ಹುಡುಕಿದ್ದನ್ನು ಬರೆಯಬಾರದಿತ್ತು. ಅಚ್ಚನ್ನೂ ಕಳಿಸಬಾರದಿತ್ತೇನೋ.

ಇನ್ನು ಬಚ್ಚಿಡುವುದಕ್ಕೆ ಏನೂ ಇಲ್ಲ, ಕೇಳು. ಹೋದ ವರ್ಷ ಜಿಂಕೆಯ ಸೀಲಿಗೆ ಗೆರೆ ಹಾಕುವಾಗ ಗೆರೆ ಬಾಗಿದ ಹಾಗೆ ಕಂಡಿತು. ಅಳತೆಪಟ್ಟಿ ಇಟ್ಟರೆ ಪಟ್ಟಿಯೇ ಬಾಗಿತ್ತು. ಆಮೇಲೆ ನಡುವೆ ಮಸುಕು ಬಂತು. ನೇರ ನೋಡಿದ್ದು ಕಾಣುವುದಿಲ್ಲ, ಅಂಚಿನಲ್ಲಿರುವುದು ಕಾಣುತ್ತದೆ. ಮಾತಾಡುವವರ ಮುಖ ಕಾಣುವುದಿಲ್ಲ, ಅವರ ಕಿವಿ ಕಾಣುತ್ತದೆ. ಯಜಮಾನರು ಮೊದಲು ಕಂಡುಹಿಡಿದರು, ಅವರೇ ಪೇಟೆಯ ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದದ್ದು. ಇರುವುದನ್ನು ಉಳಿಸಲು ಸೂಜಿ ಹಾಕುತ್ತಿದ್ದಾರೆ. ಹೋದದ್ದು ಬರುವುದಿಲ್ಲವಂತೆ. ನೀನು ಊಹಿಸಿದ್ದು ಪೂರ್ತಿ ಸುಳ್ಳಲ್ಲ, ಅವರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ನಿಜ, ದೀಪ ಹಿಡಿದು.

ನಿನ್ನ ಆ ಕಾಗದ ಓದಿ ಹೇಳಿದವರೂ ಅವರೇ. ಮದುವೆಯ ಊಟದ ಸಾಲಿಗೆ ಬಂದಾಗ ಕೆಮ್ಮಿದರು. ಮುಂದೆ ಓದಿ ಅಂದೆ. "ಮುಂದೆ ಏನಿಲ್ಲಮ್ಮ, ಗಾಳಿ ಜೋರು ಅಂತ ಬರ್ದಿದಾರೆ" ಅಂದರು. ಆ ಸಾಲು ಏನೆಂದು ನಾಲ್ಕು ದಿನ ಬಿಟ್ಟು ಬಾಯಿಬಿಟ್ಟರು. ಅಷ್ಟು ಹೊತ್ತೂ ಅವರ ಕಿವಿ ಕೆಂಪಗಿತ್ತು, ಅದು ಮಾತ್ರ ನನಗೆ ಚೆನ್ನಾಗಿ ಕಂಡಿತು.

ಲ್ಯಾಪ್‌ಟಾಪ್ ಕೊಂಡದ್ದು ಪುರಸಭೆಗಷ್ಟೇ ಅಲ್ಲ ಎಂದು ಈಗ ತಿಳಿಯಿತಲ್ಲ. ಕೊಕ್ಕರೆಯನ್ನು ಕಿಟಕಿಯಷ್ಟು ದೊಡ್ಡದು ಮಾಡಿದರೆ, ಓರೆಗಣ್ಣಲ್ಲಿ ನೋಡಿಕೊಂಡು ನಾನು ಬರೆಯಬಲ್ಲೆ. ಬರೆದೆ ಕೂಡ. ಒಂದೊಂದು ಗರಿಯೂ ಬಂತು. ನನ್ನ ಕೈ ನನಗೆ ವಾಪಸು ಸಿಕ್ಕಿತು ಪುಟ್ಟಾ, ಆ ಕಾರ್ಡಿನಿಂದ.

ಇಷ್ಟಾದ ಮೇಲೆ ಕೇಳು ನನ್ನ ಹಣೆಬರಹ. ನಿನ್ನೆ ಮಾದರಿ ಕೊಟ್ಟೆ. ಅವರು ಮಿಷನ್ನಿಗೆ ಹಾಕಿ, ರಬ್ಬರ್ ಕತ್ತರಿಸಿ, ಕಾಗದದ ಮೇಲೆ ಒತ್ತಿದರು. ಅಕ್ಷರವೆಲ್ಲ ಉಲ್ಟಾ. ಈ ಜನ್ಮವೆಲ್ಲ ಉಲ್ಟಾ ಬರೆದ ಕೈ, ಪರದೆಯ ಮೇಲೂ ಉಲ್ಟಾ ಬರೆದಿದೆ. ಮಿಷನ್ನು ಅದನ್ನು ಇನ್ನೊಮ್ಮೆ ಉಲ್ಟಾ ಮಾಡಿದೆ. ಗುಮಾಸ್ತರು ಎಲ್ಲರಿಗೂ ತೋರಿಸಿ ನಕ್ಕರು. ಪಾಪ, ಕೆಟ್ಟವರಲ್ಲ, ಮೇ ಹದಿನೈದರವರೆಗೆ ಸಮಯ ಕೊಟ್ಟಿದ್ದಾರೆ. ಬೆಳಗಿನಿಂದ ನೆಟ್ಟಗೆ ಬರೆಯಲು ಕೂತಿದ್ದೇನೆ, ಕೈ ಬಗ್ಗುವುದಿಲ್ಲ. ಮಗುವಿನ ಅಕ್ಷರ ಬರುತ್ತದೆ. ಯಾರನ್ನಾದರೂ ಕೇಳೋಣವೆಂದರೆ ಅವರ ನಗು ಇನ್ನೂ ಕಿವಿಯಲ್ಲಿದೆ.

ನೀನು ಮಾತ್ರ ಬರಬೇಡ. ನನಗೆ ಕೈ ಹಿಡಿದು ನಡೆಸುವವರು ಬೇಡ. ಸಹಿ ಹಾಕು. ನನ್ನ ಕಣ್ಣಿನ ಜ್ಞಾಪಕಾರ್ಥ ನಿನ್ನ ಕೆಲಸವೂ ಹೋಯಿತು ಎಂದಾದರೆ ಆ ಭಾರ ನನ್ನಿಂದ ಹೊರಲಾಗದು.

ಅಕ್ಕ


ಹವಾಮಾನ ಕೇಂದ್ರ
ಮೇ ೬

ಅಕ್ಕಾ,

ಮೊದಲು ಕೊಕ್ಕರೆ. ನೀನು ನೆಟ್ಟಗೆ ಬರೆಯುವುದನ್ನು ಕಲಿಯಬೇಡ. ನಿನ್ನ ಕೈ ಹೇಗೆ ಹೋಗುತ್ತದೋ ಹಾಗೇ ಬರೆ. ಎಲ್ಲ ಮುಗಿದ ಮೇಲೆ ಚಿತ್ರವನ್ನು ಪೂರ್ತಿ ಹಿಡಿದು, ಮೇಲಿನ ಸಾಲಿನಲ್ಲಿ ಎರಡು ತ್ರಿಕೋಣ ಬೆನ್ನಿಗೆ ಬೆನ್ನು ಕೊಟ್ಟು ನಿಂತಿರುವ ಗುರುತನ್ನು ಒಂದು ಸಲ ಒತ್ತು. ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅಷ್ಟೇ ಕೆಲಸ. ತಿರುಗಿಸುವ ಚಾಕರಿ ಮಿಷನ್ನು ಮಾಡಲಿ, ಅದಕ್ಕೆಂದೇ ಅಲ್ಲವೇ ಅದನ್ನು ಹೊಸಿಲು ದಾಟಿಸಿದ್ದು.

ಯಾವಾಗ ತಿಳಿಯಿತು ಎಂದು ಕೇಳಿದೆ. ಎಡಬಲದ ತಪ್ಪು ಸಿಕ್ಕಾಗ ಒಬ್ಬನೇ ನಕ್ಕೆ. ನಗುತ್ತಿದ್ದ ಹಾಗೇ, ಜಿಂಕೆಯ ಕಿವಿಯ ರೋಮ ಕೆತ್ತಿದವಳು ಐದಾರು ತಂತಿ ಎಣಿಸದೆ ಅಚ್ಚು ಯಾಕೆ ತೆಗೆದಳು ಅನ್ನಿಸಿತು. ನಗು ನಿಂತುಹೋಯಿತು. ನಿನ್ನ ಕಾಗದಗಳನ್ನೆಲ್ಲ ತೆಗೆದು ಮಂಚದ ಮೇಲೆ ಸಾಲಾಗಿ ಹರಡಿದೆ. ಅಕ್ಷರ ಒಂದರಿಂದ ಒಂದಕ್ಕೆ ಬೆಳೆಯುತ್ತ ಬಂದಿತ್ತು. ಅದನ್ನು ಹಿಡಿದು ನಿನ್ನನ್ನು ಆಡಿಕೊಂಡಿದ್ದೆ. ನಾನೇನು ಕುರುಡನೇ ಎಂದು ಬೇರೆ ಬರೆದಿದ್ದೆ.

ಆ ದಿನವೇ ಚೀಲ ತುಂಬಿದೆ. ದೋಣಿ ಬಂದಾಗ ಕಟ್ಟೆಯವರೆಗೂ ಹೋದೆ. ಹತ್ತಬೇಕು, ಒಂದು ಕಾಲು ಮುಂದಿಟ್ಟೆ, ಹಿಂದಿಟ್ಟೆ. ಹೋದರೆ ನೀನು ಬಾಗಿಲು ತೆಗೆಯುವುದಿಲ್ಲ, ಹೋಗದಿದ್ದರೆ ನನಗೆ ಇಲ್ಲಿ ಕೂರಲಾಗುವುದಿಲ್ಲ. ಕೊನೆಗೆ ಕಾರ್ಡಿನ ಪೊಟ್ಟಣವನ್ನಷ್ಟೇ ಕೊಟ್ಟು ವಾಪಸು ಬಂದೆ. ಇಲ್ಲಿ ಎಲ್ಲ ಚೆನ್ನಾಗಿದೆ ಎಂದು ಬರೆಯುತ್ತಿದ್ದೆನಲ್ಲ, ಅದೂ ಸುಳ್ಳು. ಕೆಲಸ ಚೆನ್ನಾಗಿದೆ. ಸಂಜೆಯಾದರೆ ನಿನ್ನ ಬೈಗುಳ ಇಲ್ಲದೆ ಬೇಜಾರು.

ದೊಡ್ಡವರಿಗೆ ಉತ್ತರ ಹೇಳಿದ್ದೇನೆ. ಏನು ಹೇಳಿದೆ ಎಂದು ಇಲ್ಲಿ ಬರೆಯುವುದಿಲ್ಲ. ಈ ಕಾಗದವನ್ನು ಬೇಕಾದರೆ ಯಜಮಾನರು ಓದಲಿ. ಜೊತೆಗಿರುವ ರಬ್ಬರ್ ತುಂಡನ್ನು ಮಾತ್ರ ನೀನೇ ಓದಬೇಕು, ಬೆರಳಿನಲ್ಲಿ. ಹಾಳಾದ ಗ್ಯಾಸ್ಕೆಟ್ಟಿನ ರಬ್ಬರು, ಪೆನ್ಸಿಲ್ ಹೆರೆಯುವ ಚಾಕು. ಅಪ್ಪ ಎಷ್ಟು ಹೇಳಿದರೂ ಕಲಿಯದವನು ಕೆತ್ತಿದ್ದು. ನಿನ್ನ ಬೆರಳಿಗೆ ಅದೇ ಅಭ್ಯಾಸವೆಂದು ಉಲ್ಟಾ ಕೆತ್ತಿದ್ದೇನೆ.

ನಿನ್ನ ತಮ್ಮ


ಅಂಗಡಿ
ಮೇ ೧೬

ಪುಟ್ಟಾ,

ಕೊಕ್ಕರೆ ಒಪ್ಪಿಗೆಯಾಯಿತು. ಆ ತ್ರಿಕೋಣ ಒತ್ತಿದೆ, ಸೇತುವೆಯ ಮೇಲೆ ಅದು ಈ ಕಡೆಯಿಂದ ಆ ಕಡೆಗೆ ತಿರುಗಿ ನಿಂತಿತು. ನಾನು ಗಾಬರಿಯಾಗಿ ಮತ್ತೆ ಒತ್ತಿಬಿಟ್ಟು, ಮೂರನೆಯ ಸಲ ಒತ್ತಿ ಸರಿ ಮಾಡಿದೆ. ಈ ಸಲ ಗುಮಾಸ್ತರು ನಗಲಿಲ್ಲ. ಉಳಿದ ಸೀಲುಗಳನ್ನೂ ನಾನೇ ಬರೆಯಬೇಕಂತೆ. ಅಂಗಡಿಯ ಬಾಗಿಲು ತೆರೆದೇ ಇರುತ್ತದೆ.

ಕಾಗದ ಯಜಮಾನರು ಓದಿದರು. ರಬ್ಬರನ್ನು ಅವರ ಮುಂದೆ ಮುಟ್ಟಲಿಲ್ಲ. ಅವರು ಹೋದ ಮೇಲೆ ಕೆತ್ತುವ ಮೇಜಿನ ಮುಂದೆ ಕೂತು, ಬಲಗಡೆಯಿಂದ ಬೆರಳಾಡಿಸಿದೆ. "ಸಹಿ ಹಾಕಿದೆ. ರಜಕ್ಕೆ ಬರ್ತೀನಿ."

ಅತ್ತುಬಿಟ್ಟೆ. ಹುಟ್ಟಿದಾಗಿನಿಂದ ನನ್ನ ಒಂದು ಮಾತನ್ನೂ ಕೇಳದವನು, ಇದೊಂದನ್ನು ಕೇಳಿಬಿಟ್ಟೆಯಲ್ಲ ಎಂದು. ಹಾಕು ಹಾಕು ಎಂದು ಬೈದವಳು ನಾನೇ. ಹಾಕದೆ ಬಂದು ಬಾಗಿಲಲ್ಲಿ ನಿಲ್ಲುತ್ತೀಯೇನೋ ಎಂದು ದೋಣಿಯ ದಿನಗಳಲ್ಲಿ ರಸ್ತೆಯ ಕಡೆ ಓರೆಗಣ್ಣು ಇಟ್ಟುಕೊಂಡಿದ್ದವಳೂ ನಾನೇ. ನೀನು ಮಾಡಿದ್ದು ಸರಿ. ಆದರೂ ಅತ್ತೆ, ಅದನ್ನೂ ನಿನಗೆ ಹೇಳಬೇಕು ಅನ್ನಿಸಿತು. ಇನ್ನು ಮೇಲೆ ಮುಚ್ಚಿಡುವುದು ಬೇಡ, ನೀನೂ ಬೇಡ, ನಾನೂ ಬೇಡ.

ಕೆತ್ತನೆ ಬಹಳ ಕೆಟ್ಟದಾಗಿದೆ. ಅಂಚು ಹರಿದಿದೆ, ಆಳ ಒಂದೇ ಸಮ ಇಲ್ಲ. "ಬರ್ತೀನಿ" ಎಂಬಲ್ಲಿ ಮೊದಲ ಅಕ್ಷರವನ್ನು ಉಲ್ಟಾ ಮಾಡಲು ಮರೆತಿದ್ದೀಯ. ಉಳಿದವೆಲ್ಲ ಉಲ್ಟಾ, ಅದೊಂದು ನೆಟ್ಟಗೆ ನಿಂತಿದೆ. ಓದುತ್ತ ಓದುತ್ತ ಬೆರಳು ಅಲ್ಲೇ ತಡೆಯುತ್ತದೆ. ಉಳಿ ತೆಗೆದುಕೊಂಡು ಸರಿಮಾಡೋಣವೆಂದು ಕೂತೆ, ಆಮೇಲೆ ಹಾಗೇ ಬಿಟ್ಟೆ. ಮೇಜಿನ ಮೇಲೆ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿದ್ದೇನೆ, ದಿನಾ ಕೆಲಸಕ್ಕೆ ಕೂರುವ ಮುಂಚೆ ಒಮ್ಮೆ ಮುಟ್ಟುತ್ತೇನೆ.

ಅಕ್ಕ